ಆಟಿಸಂ ಇರುವ ನಾಯಕ, ವಿಯೆಟ್ನಾಂನಿಂದ ಬರುವ ನಾಯಕಿ: ಈ ಹಂದರ ಎಲ್ಲಿ ಕುಸಿಯುತ್ತದೆ?

ಕರಡುಪ್ರತಿ
ಒಂದು ಪ್ರೇಮ ಕಾದಂಬರಿಯ ಹಂದರ ಇಲ್ಲಿಡುತ್ತಿದ್ದೇನೆ. ಮುಲಾಜಿಲ್ಲದೆ ತಪ್ಪು ತೋರಿಸಿ.

ಜಾಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ, ಕಾಲ 2019ರ ಬೇಸಿಗೆ. ನಾಯಕ ಮಿನ್, 28 ವರ್ಷ, ಅಲ್ಲೇ ಹುಟ್ಟಿ ಬೆಳೆದವನು, ಆಟಿಸಂ ಇದೆ. ಪಿಯಾನೊಗಳಿಗೆ ಶ್ರುತಿ ಕೂರಿಸುವುದು ಕಸುಬು. ತಾಯಿ 1979ರಲ್ಲಿ ದೋಣಿ ಹತ್ತಿ, ಮಲೇಷ್ಯಾದ ಪುಲಾವ್ ಬಿಡಾಂಗ್ ನಿರಾಶ್ರಿತರ ಶಿಬಿರ ದಾಟಿ ಅಮೆರಿಕ ಸೇರಿದವಳು. ಈಗ ಸ್ಟೋರಿ ರೋಡ್ ಕಡೆ ಸಣ್ಣ ಹೋಟೆಲು ನಡೆಸುತ್ತಾಳೆ. ಮಿನ್‌ನ ಅಣ್ಣ ತೀರಿಕೊಂಡಾಗ ಇವನು ಅಳಲಿಲ್ಲ; ಅಂದಿನಿಂದ ತನಗೆ ಭಾವನೆಯೇ ಇಲ್ಲ ಎಂದುಕೊಂಡಿದ್ದಾನೆ. ನಾಯಕಿ ಥಾವ್, 24, ಮೆಕಾಂಗ್ ನದೀಮುಖದ ಕಾನ್ ಥೊ ನಗರದವಳು, ಮೀನು ಸಂಸ್ಕರಣೆ ಕಾರ್ಖಾನೆಯಲ್ಲಿ ಕೆಲಸ. ಮಿನ್‌ನ ತಾಯಿ ಊರಿಗೆ ಹೋದಾಗ ಹುಡುಗಿಯನ್ನು ಮೆಚ್ಚಿ, ಮಗನಿಗೆ ಹೇಳದೆ, ಮೂರು ತಿಂಗಳ ಪ್ರವಾಸಿ ವೀಸಾದಲ್ಲಿ ಕರೆಸುತ್ತಾಳೆ. ಕೊನೆಗೆ ಮದುವೆ.

ಕೆಂಪುಪೆನ್ನು
ಈ ಜೋಡಿ ಹೊಸದಲ್ಲ. ಹೆಲೆನ್ ಹೊವಾಂಗ್ ಅವರ ‘ದಿ ಬ್ರೈಡ್ ಟೆಸ್ಟ್’ 2019ರಲ್ಲೇ ಬಂದಿದೆ. ತಾಯಿ ಹುಡುಗಿ ಹುಡುಕುವುದು, ಪ್ರವಾಸಿ ವೀಸಾ, ಸಾವಿನಲ್ಲಿ ಅಳದ ನಾಯಕ, ಮೂರೂ ಅಲ್ಲಿವೆ. ಲೇಖಕಿಗೇ ವಯಸ್ಕರಾದ ಮೇಲೆ ಆಟಿಸಂ ಇರುವುದು ಗೊತ್ತಾಯಿತು, ಅವರ ತಾಯಿ ವಿಯೆಟ್ನಾಂನಿಂದ ನಿರಾಶ್ರಿತೆಯಾಗಿ ಬಂದವರು. ಆ ಒಳನೋಟದ ಜೊತೆ ಪೈಪೋಟಿಗೆ ಇಳಿಯಬೇಡಿ. ಸಾವು ಬೇಕಿದ್ದರೆ ಇರಲಿ, ಆದರೆ ಕಥೆಯ ತಿರುಗಣೆ ಬೇರೆ ಕಡೆ ಇರಬೇಕು. ನಿಮ್ಮ ಕೈಯಲ್ಲಿ ಪಿಯಾನೊ ಇದೆ, ಅದು ಅಲ್ಲಿಲ್ಲ. ಅದನ್ನು ಅಲಂಕಾರಕ್ಕೆ ಮಾತ್ರ ಇಟ್ಟಿದ್ದೀರಿ ಅನ್ನಿಸುತ್ತದೆ.

ಠಸ್ಸೆ_ಮುದ್ರೆ
ವೀಸಾ ವಿಚಾರಕ್ಕೆ ಬಂದರೆ ಹಂದರ ಮೊದಲ ಅಧ್ಯಾಯದಲ್ಲೇ ಕುಸಿಯುತ್ತದೆ.

ಅಮೆರಿಕದ ವಲಸೆ ಕಾನೂನಿನ 214(ಬಿ) ಪ್ರಕಾರ ಪ್ರವಾಸಿ ವೀಸಾ ಕೇಳುವ ಪ್ರತಿಯೊಬ್ಬರನ್ನೂ ‘ಅಲ್ಲೇ ಉಳಿಯಲು ಹೊರಟವರು’ ಎಂದೇ ಅಧಿಕಾರಿ ಮೊದಲು ಭಾವಿಸಬೇಕು. ಹಾಗಲ್ಲ ಎಂದು ತೋರಿಸುವ ಹೊಣೆ ಅರ್ಜಿದಾರರದ್ದು. 24 ವರ್ಷ, ಮದುವೆಯಾಗಿಲ್ಲ, ಆಸ್ತಿಯಿಲ್ಲ, ಕಾರ್ಖಾನೆ ಕೂಲಿ, ಕರೆಸುತ್ತಿರುವವಳು ಮದುವೆ ವಯಸ್ಸಿನ ಮಗನಿರುವ ತಾಯಿ. ಕಿಟಕಿಯ ಮುಂದೆ ಎರಡು ನಿಮಿಷದಲ್ಲಿ ನಿರಾಕರಣೆ. ಸಿಕ್ಕಿತೆಂದೇ ಇಟ್ಟುಕೊಂಡರೂ, ಬಂದ 90 ದಿನದೊಳಗೆ ಅಲ್ಲಿನ ಪ್ರಜೆಯನ್ನು ಮದುವೆಯಾಗಿ ನೆಲೆಸಿದರೆ ವೀಸಾ ಕೇಳುವಾಗಲೇ ಸುಳ್ಳು ಹೇಳಿದ್ದಳು ಎಂದು ವಿದೇಶಾಂಗ ಇಲಾಖೆ ಊಹಿಸಬಹುದು. ಆ ನಿಯಮ 2017ರಿಂದ ಇದೆ.

ದಾರಿ ಕೆ-1, ಅಂದರೆ ನಿಶ್ಚಿತಾರ್ಥ ವೀಸಾ. ಅಮೆರಿಕದ ಪ್ರಜೆಯೇ ಐ-129ಎಫ್ ಅರ್ಜಿ ಹಾಕಬೇಕು; ಗ್ರೀನ್ ಕಾರ್ಡ್ ಇದ್ದರೆ ಸಾಲದು. ಅರ್ಜಿಗೆ ಹಿಂದಿನ ಎರಡು ವರ್ಷದಲ್ಲಿ ಇಬ್ಬರೂ ಮುಖಾಮುಖಿ ಭೇಟಿಯಾಗಿರಬೇಕು, ವೀಡಿಯೊ ಕರೆ ಲೆಕ್ಕಕ್ಕಿಲ್ಲ. ಅರ್ಜಿ ಒಪ್ಪಿದ ಮೇಲೆ ಅದರ ಆಯುಸ್ಸು ನಾಲ್ಕು ತಿಂಗಳು. ಅಷ್ಟರಲ್ಲಿ ಆಕೆಯ ವೈದ್ಯಕೀಯ ತಪಾಸಣೆ, ಪೊಲೀಸ್ ದಾಖಲೆ (ವಿಯೆಟ್ನಾಂನಲ್ಲಿ ಎರಡನೇ ನಮೂನೆಯ ನ್ಯಾಯಿಕ ದಾಖಲೆಯೇ ಬೇಕು, ಮೊದಲನೆಯದು ತಂದರೆ ವಾಪಸ್), ಹೋ ಚಿ ಮಿನ್ ನಗರದ ಕಾನ್ಸುಲೇಟಿನಲ್ಲಿ ಸಂದರ್ಶನ. ಎಲ್ಲ ಸೇರಿ ಕಥೆಯಲ್ಲಿ ಹತ್ತಿರ ಹತ್ತಿರ ಒಂದು ವರ್ಷ ಬಿಡಿ. ಅಮೆರಿಕಕ್ಕೆ ಕಾಲಿಟ್ಟ ಮೇಲೆ 90 ದಿನದಲ್ಲಿ ಅದೇ ವ್ಯಕ್ತಿಯನ್ನು ಮದುವೆಯಾಗಬೇಕು. ಗಡುವು ವಿಸ್ತರಣೆ ಇಲ್ಲ. ಬೇರೆ ಯಾರನ್ನೋ ಮದುವೆಯಾಗಿ ಅವರ ಮೂಲಕ ಅಲ್ಲೇ ಗ್ರೀನ್ ಕಾರ್ಡ್ ಪಡೆಯುವಂತೆಯೂ ಇಲ್ಲ.

ಖರ್ಚು, 2019ರ ದರದಲ್ಲಿ: ಐ-129ಎಫ್‌ಗೆ 535 ಡಾಲರ್, ವೀಸಾ ಶುಲ್ಕ 265, ಮದುವೆಯ ನಂತರ ಐ-485ಕ್ಕೆ (ಗ್ರೀನ್ ಕಾರ್ಡ್ ಅರ್ಜಿ) ಬೆರಳಚ್ಚಿನ ಶುಲ್ಕವೂ ಸೇರಿ 1,225. ಒಟ್ಟು 2,025. ವೈದ್ಯರ ಫೀಸು, ವಿಮಾನ ಬೇರೆ.

ಕರಡುಪ್ರತಿ
ಹಾಗಾದರೆ ‘ಮಗನಿಗೆ ಹೇಳದೆ’ ಅನ್ನುವುದೇ ಹೋಯಿತು.

ಠಸ್ಸೆ_ಮುದ್ರೆ
ಹೋಗಲಿ ಬಿಡಿ, ಒಳ್ಳೆಯದೇ ಆಯಿತು. ಸಹಿ ಅವನದ್ದೇ ಬೇಕು, ಪ್ರಯಾಣ ಅವನದ್ದೇ ಬೇಕು. ಗೊತ್ತಿಲ್ಲದೆ ಸಿಕ್ಕಿಬಿದ್ದ ನಾಯಕನಿಗಿಂತ ತಾನೇ ಸಹಿ ಹಾಕಿ ಆಮೇಲೆ ‘ಯಾಕೆ ಹಾಕಿದೆ’ ಎಂದು ತಲೆ ಕೆರೆದುಕೊಳ್ಳುವ ನಾಯಕ ಹೆಚ್ಚು ಗಟ್ಟಿ.

ಆ ಅರ್ಜಿಯಲ್ಲಿ ‘ಇಬ್ಬರೂ ಯಾವ ಸಂದರ್ಭದಲ್ಲಿ ಭೇಟಿಯಾದಿರಿ, ವಿವರಿಸಿ’ ಎಂಬ ಪ್ರಶ್ನೆ ಇದೆ. ಉಳಿದವರು ಮೂರು ಸಾಲು ಬರೆಯುತ್ತಾರೆ. ಮಿನ್ ಏನು ಬರೆಯುತ್ತಾನೆ? ಬಸ್ ಎಷ್ಟು ಗಂಟೆಗೆ ಬಂತು, ಅವಳ ಬಲಗೈ ಹೆಬ್ಬೆರಳಿಗೆ ಪ್ಲಾಸ್ಟರ್ ಇತ್ತು, ಮೇಜಿನ ಒಂದು ಕಾಲು ಗಿಡ್ಡ ಇದ್ದದ್ದಕ್ಕೆ ಅವಳು ಕಾಗದ ಮಡಚಿ ಇಟ್ಟಳು, ಹೀಗೆ ನಾಲ್ಕು ಹಾಳೆ. ತನಗೇನೂ ಅನ್ನಿಸಿಲ್ಲ ಎಂದು ಹೇಳುವವನ ಕೈಬರಹದಲ್ಲೇ ಸಾಕ್ಷ್ಯ ಸಿಗುತ್ತದೆ. ಓದುಗರಿಗೆ ಅವನಿಗಿಂತ ಮೊದಲೇ ವಿಷಯ ಗೊತ್ತಾಗುತ್ತದೆ.

ಇನ್ನೊಂದು: ಮಿನ್ ಸ್ವಂತ ಕಸುಬಿನವನು. ಕೆ-1 ಹಂತದಲ್ಲಿ ಅವನ ಆದಾಯ ಬಡತನ ರೇಖೆಗಿಂತ ಕೆಳಗಿರಬಾರದು. 2019ರಲ್ಲಿ ಇಬ್ಬರ ಕುಟುಂಬಕ್ಕೆ 16,910 ಡಾಲರ್. ಗ್ರೀನ್ ಕಾರ್ಡ್ ಹಂತದಲ್ಲಿ ಅದರ ಶೇ. 125. ನೋಡುವುದು ಖರ್ಚು ಕಳೆದು ತೆರಿಗೆ ಪತ್ರದಲ್ಲಿ ತೋರಿಸಿದ ಆದಾಯವನ್ನು. ವ್ಯಾನು, ಉಪಕರಣ, ಡೀಸೆಲ್ ಎಲ್ಲ ಕಳೆದು ತೆರಿಗೆ ಉಳಿಸಿದ ವರ್ಷವೇ ಇಲ್ಲಿ ಕೈಕೊಡುತ್ತದೆ. ಆಗ ಜಂಟಿ ಹೊಣೆಗೆ ತಾಯಿ ಬರಬೇಕಾಗುತ್ತದೆ, ಅವಳ ಹಿಡಿತ ಇನ್ನಷ್ಟು ಬಿಗಿಯಾಗುತ್ತದೆ.

ಅಡಿಟಿಪ್ಪಣಿ
ಆಟಿಸಂ ಕಡೆಗೆ ಬರುತ್ತೇನೆ. ‘ಭಾವನೆ ಇಲ್ಲ ಎಂದುಕೊಂಡಿದ್ದಾನೆ’ ಅನ್ನುವುದನ್ನು ಬರೆಯಬಹುದು, ಆದರೆ ಅದರ ಒಳಗಿನ ಯಂತ್ರ ತಿಳಿದು ಬರೆಯಬೇಕು.

ಒಳಗೆ ಎದ್ದ ಭಾವನೆ ಯಾವುದು ಎಂದು ಗುರುತಿಸಲು, ಅದಕ್ಕೆ ಹೆಸರಿಡಲು ಆಗದ ಸ್ಥಿತಿಗೆ ಅಲೆಕ್ಸಿಥೈಮಿಯಾ ಎನ್ನುತ್ತಾರೆ. 1970ರ ದಶಕದಲ್ಲಿ ಪೀಟರ್ ಸಿಫ್ನಿಯೋಸ್ ಕೊಟ್ಟ ಹೆಸರು. ಇದು ಆಟಿಸಂನ ಲಕ್ಷಣವಲ್ಲ, ಬೇರೆಯದೇ ಸಂಗತಿ. ಆಟಿಸಂ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಕಾಣುತ್ತದೆ. ಉಳಿದರ್ಧ ಜನರಿಗೆ ತಮ್ಮ ಭಾವನೆ ಚೆನ್ನಾಗಿಯೇ ಗೊತ್ತು. ಆದ್ದರಿಂದ ‘ಆಟಿಸಂ ಇದೆ, ಅದಕ್ಕೇ ಅವನಿಗೆ ಗೊತ್ತಾಗಲಿಲ್ಲ’ ಎಂದು ಬರೆದರೆ ತಪ್ಪು. ಮಿನ್‌ಗೆ ಎರಡೂ ಇದೆ ಎಂದು ನಿಮ್ಮ ಟಿಪ್ಪಣಿ ಪುಸ್ತಕದಲ್ಲಾದರೂ ಬರೆದುಕೊಳ್ಳಿ.

ಇಂಥವರಲ್ಲಿ ಭಾವನೆ ದೇಹದ ತೊಂದರೆಯಾಗಿ ಬರುತ್ತದೆ: ಹೊಟ್ಟೆ ತೊಳಸುವುದು, ದವಡೆ ನೋವು, ಎರಡು ರಾತ್ರಿ ನಿದ್ದೆ ಇಲ್ಲ. ಸಾವಿನ ಮನೆಯಲ್ಲಿ ಅಳದವನು ಆರು ವಾರದ ನಂತರ ವ್ಯಾನಿನ ಸೀಟ್ ಬೆಲ್ಟ್ ಹಾಕಲಾಗದೆ ಕುಳಿತಿರುತ್ತಾನೆ. ಯಾಕೆ ಎಂದು ಅವನಿಗೇ ತಿಳಿಯದು. ‘ಮಿನ್‌ಗೆ ದುಃಖವಾಯಿತು’ ಎಂಬ ವಾಕ್ಯ ಅವನ ಅಧ್ಯಾಯಗಳಲ್ಲಿ ಎಲ್ಲೂ ಬರಬಾರದು. ಥಾವ್‌ಳ ಅಧ್ಯಾಯಗಳಲ್ಲಿ ಬರಬಹುದು, ಅದೂ ಅವಳ ಊಹೆಯಾಗಿ, ಕೆಲವೊಮ್ಮೆ ತಪ್ಪು ಊಹೆಯಾಗಿ.

ಪಾತ್ರಕ್ಕೆ ಆಟಿಸಂ ಇದೆ ಎನ್ನುವ ಮುನ್ನ ಅಮೆರಿಕದ ಮನೋವೈದ್ಯರ ಕೈಪಿಡಿಯಾದ 2013ರ ಡಿಎಸ್‌ಎಂ-5 ಅಳತೆಗೆ ಹೊಂದಿಸಿ ನೋಡಿ. ಸಾಮಾಜಿಕ ಸಂವಹನದ ಮೂರೂ ಅಂಶ ಇರಬೇಕು: ಕೊಟ್ಟು ತೆಗೆದುಕೊಳ್ಳುವ ಮಾತು, ಮುಖ ಮತ್ತು ಕೈಸನ್ನೆ, ಸಂಬಂಧ ಕಟ್ಟಿ ಉಳಿಸಿಕೊಳ್ಳುವುದು. ಪುನರಾವರ್ತನೆಯ ನಾಲ್ಕರಲ್ಲಿ ಕನಿಷ್ಠ ಎರಡು: ಒಂದೇ ಚಲನೆ ಅಥವಾ ಮಾತು, ಬದಲಾಗದ ದಿನಚರಿ, ಒಂದೇ ವಿಷಯದಲ್ಲಿ ಗಾಢ ಆಸಕ್ತಿ, ಇಂದ್ರಿಯಗಳ ಅತಿ ಅಥವಾ ಕಡಿಮೆ ಸಂವೇದನೆ. ಎಲ್ಲವೂ ಎಳವೆಯಿಂದಲೇ ಇರಬೇಕು. ನಿಮ್ಮ ಹಂದರದಲ್ಲಿ ಮಿನ್‌ನ ಬಾಲ್ಯವೇ ಇಲ್ಲ.

ಕರಡುಪ್ರತಿ
ಅವನ ರೋಗನಿರ್ಣಯ ಯಾವಾಗ ಆಯಿತು ಎಂದು ಇಡಲಿ?

ಅಡಿಟಿಪ್ಪಣಿ
ಹುಟ್ಟಿದ್ದು 1991. ಈಗ ಆಟಿಸಂನಲ್ಲೇ ಸೇರಿಹೋಗಿರುವ ‘ಆಸ್ಪರ್ಗರ್’ ಎಂಬ ಹೆಸರು ಆ ಕೈಪಿಡಿಗೆ ಸೇರಿದ್ದು 1994ರಲ್ಲಿ, ತೆಗೆದದ್ದು 2013ರಲ್ಲಿ. 2000ದ ಆಸುಪಾಸು ವೈದ್ಯರ ಬಳಿ ಪರೀಕ್ಷೆಯಾಗಿದ್ದರೆ ಕಾಗದದಲ್ಲಿ ‘ಆಸ್ಪರ್ಗರ್’ ಎಂದಿರಬಹುದು. ತಾಯಿ ಆ ಕಾಗದವನ್ನು ತಿಜೋರಿಯಲ್ಲಿಟ್ಟು ‘ಹುಡುಗ ಸ್ವಲ್ಪ ಸಂಕೋಚ’ ಎಂದು ನೆಂಟರಿಗೆ ಹೇಳಿಕೊಂಡಿರಬಹುದು. ವಿಯೆಟ್ನಾಂನಲ್ಲಿ ಥಾವ್‌ಗೂ ಅದನ್ನೇ ಹೇಳಿರುತ್ತಾಳೆ. ನಿಮಗೆ ಬೇಕಾದ ಮುಚ್ಚುಮರೆ ಇಲ್ಲಿದೆ, ಮಗನ ಬೆನ್ನ ಹಿಂದೆ ಅಲ್ಲ, ಹುಡುಗಿಯ ಬೆನ್ನ ಹಿಂದೆ.

ಕೆಂಪುಪೆನ್ನು
ಒಪ್ಪಿದೆ, ಆದರೆ ಆ ಗುಟ್ಟು 60ನೇ ಪುಟ ದಾಟಬಾರದು. ಪುಸ್ತಕದ ಮುಕ್ಕಾಲು ಭಾಗದಲ್ಲಿ ‘ಅವನಿಗೆ ಆಟಿಸಂ!’ ಎಂದು ಬಾಂಬು ಹಾಕಿದರೆ ಆಟಿಸಂ ಖಳನಾಯಕನಾಗಿಬಿಡುತ್ತದೆ. ಮಿನ್ ತಾನೇ ಹೇಳಲಿ, ಬೇಗ, ರಕ್ತದ ಗುಂಪು ಹೇಳಿದಷ್ಟು ಸಲೀಸಾಗಿ. ಜಗಳ ತಾಯಿ ಮುಚ್ಚಿಟ್ಟದ್ದಕ್ಕೆ ಆಗಲಿ.

ಮತ್ತೆ, ಪ್ರೀತಿಯಿಂದ ಆಟಿಸಂ ಕಡಿಮೆಯಾಗುವ ಕೊನೆ ಬೇಡ. ಕೊನೆಯ ಅಧ್ಯಾಯದಲ್ಲಿ ಅವನು ಗದ್ದಲದ ಮದುವೆ ಮನೆಯಲ್ಲಿ ನಕ್ಕು ಕುಣಿದರೆ ಅದಕ್ಕಿಂತ ಮೊದಲು ಬರೆದದ್ದೆಲ್ಲ ಸುಳ್ಳಾಗುತ್ತದೆ.

ಅಡಿಟಿಪ್ಪಣಿ
ಸ್ಪರ್ಶದ ಬಗ್ಗೆ, ಯಾಕೆಂದರೆ ಪ್ರೇಮ ಕಾದಂಬರಿ ನಿಲ್ಲುವುದು ಅಲ್ಲೇ. ‘ಅವನಿಗೆ ಮುಟ್ಟಿಸಿಕೊಳ್ಳುವುದು ಆಗದು’ ಎಂಬ ಒಂದೇ ಸಾಲಿನಲ್ಲಿ ಮುಗಿಸಬೇಡಿ. ಎಷ್ಟೋ ಜನರಿಗೆ ಕಷ್ಟವಾಗುವುದು ಹಗುರ ಸ್ಪರ್ಶ, ಅದರಲ್ಲೂ ಹೇಳದೆ ಬಂದದ್ದು. ಗಟ್ಟಿಯಾಗಿ, ಮೊದಲೇ ತಿಳಿದು ಬಂದ ಒತ್ತಡ ಹಿತವೇ ಆಗಬಹುದು. ಚರ್ಮದಲ್ಲಿ ಸವರುವಿಕೆಗೆಂದೇ ಇರುವ ನರತಂತುಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದ ಮೃದು ಸವರಿಕೆಗೆ ಅವು ಚೆನ್ನಾಗಿ ಮಿಡಿಯುತ್ತವೆ. ಹೆಚ್ಚಿನವರಿಗೆ ಅದೇ ಸುಖ, ಕೆಲವರಿಗೆ ಅದೇ ತಡೆಯಲಾಗದ್ದು. ಪ್ರೇಮ ಕಾದಂಬರಿಗಳಲ್ಲಿ ನಾಯಕಿ ಬೆರಳ ತುದಿಯಿಂದ ಕೆನ್ನೆ ಸವರುವ ಆ ಹಳೆಯ ದೃಶ್ಯ ಮಿನ್‌ಗೆ ಮರಳುಕಾಗದ ಉಜ್ಜಿದಂತೆ.

ಒಂದು ದೃಶ್ಯ ಸೂಚಿಸುತ್ತೇನೆ. ಮದುವೆಯ ಸೂಟಿಗೆ ಅಳತೆ. ದರ್ಜಿ ಟೇಪನ್ನು ಕುತ್ತಿಗೆಯ ಸುತ್ತ ಸಡಿಲ ಹಾಕಿ, ಬೆರಳು ತೂರಿಸಿ, ಎಳೆದು, ಮತ್ತೆ ಸಡಿಲಿಸುತ್ತಾನೆ. ಮಿನ್‌ನ ಭುಜ ಕಿವಿಯವರೆಗೆ ಏರಿದೆ. ಹೊರಗೆ ಓಡುವುದಕ್ಕೆ ಅವನು ಬಾಗಿಲು ನೋಡುತ್ತಿದ್ದಾನೆ. ಥಾವ್ ಟೇಪು ಇಸಿದುಕೊಂಡು, “ಭುಜ. ಎರಡು ಸೆಕೆಂಡು” ಎಂದು ಮೊದಲೇ ಹೇಳಿ, ಅಂಗೈ ಪೂರ್ತಿ ಊರಿ ಒತ್ತುತ್ತಾಳೆ. “ಎದೆ. ಮೂರು.” ಹೇಳಿದಷ್ಟೇ ಹೊತ್ತು, ಹೇಳಿದ ಕಡೆಯೇ. ಎಂಟು ಅಳತೆ ಮುಗಿಯುವಷ್ಟರಲ್ಲಿ ಭುಜ ಇಳಿದಿದೆ. ಕಾರ್ಖಾನೆಯಲ್ಲಿ ಜಾರುವ ಮೀನನ್ನು ಹಿಡಿಯುವ ಕೈ ಅವಳದು, ಹಗುರ ಹಿಡಿದರೆ ಕತ್ತಿ ತಪ್ಪುತ್ತದೆ ಎಂದು ಬಲ್ಲವಳು. ಮುತ್ತಿನ ದೃಶ್ಯಕ್ಕಿಂತ ಇದು ಹೆಚ್ಚು ಬಿಸಿ ಏರಿಸುತ್ತದೆ, ಬೇಕಿದ್ದರೆ ಬರೆದು ನೋಡಿ.

ಶ್ರುತಿಪೆಟ್ಟಿಗೆ
ಪಿಯಾನೊ ವಿಷಯ ಯಾರೂ ಮುಟ್ಟಿಲ್ಲ, ನಾನು ಹೇಳುತ್ತೇನೆ. ದಯವಿಟ್ಟು ಮಿನ್‌ಗೆ ಹುಟ್ಟು ಸ್ವರಜ್ಞಾನ, ದೈವದತ್ತ ಪ್ರತಿಭೆ ಅಂತೆಲ್ಲ ಕೊಡಬೇಡಿ. ಶ್ರುತಿ ಕೂರಿಸಲು ಅದು ಬೇಕಿಲ್ಲ. ಕೇಳಬೇಕಾದದ್ದು ಸ್ವರವನ್ನಲ್ಲ, ಎರಡು ತಂತಿ ಒಟ್ಟಿಗೆ ನುಡಿದಾಗ ಏಳುವ ಅಲೆಯನ್ನು, ವಾಂವ್-ವಾಂವ್ ಅನ್ನುವ ಮಿಡಿತವನ್ನು. ಅದು ಕಲಿತು ಬರುವ ಕಸುಬು.

ಪಿಯಾನೊದಲ್ಲಿ 88 ಮನೆ (ಬೆರಳಲ್ಲಿ ಒತ್ತುವ ಕೀಲಿ), ಸುಮಾರು 230 ತಂತಿ. ನಡು ಮತ್ತು ಮೇಲಿನ ಸ್ಥಾಯಿಯಲ್ಲಿ ಒಂದು ಮನೆಗೆ ಮೂರು ತಂತಿ. ಉಣ್ಣೆಯ ಪಟ್ಟಿ ತೂರಿಸಿ ಪಕ್ಕದ ಎರಡನ್ನು ಮೌನ ಮಾಡಿ, ನಡುವಿನದನ್ನು ಮೊದಲು ಕೂರಿಸುತ್ತಾರೆ. 440 ಹರ್ಟ್ಸ್‌ನ ಶ್ರುತಿ ಕವೆಗೋಲಿನಿಂದ (ಟ್ಯೂನಿಂಗ್ ಫೋರ್ಕ್) ಆರಂಭ. ಪಂಚಮಗಳನ್ನು ಶುದ್ಧವಾಗಿ ಬಿಡುವಂತಿಲ್ಲ, ಒಂದೊಂದನ್ನೂ ಸುಮಾರು 2 ಸೆಂಟ್‌ನಷ್ಟು (ಸೆಂಟ್ ಅಂದರೆ ಅರ್ಧಸ್ವರದ ನೂರನೇ ಒಂದು ಪಾಲು) ಕಿರಿದು ಮಾಡಬೇಕು, ಇಲ್ಲವಾದರೆ ಹನ್ನೆರಡು ಪಂಚಮ ಸುತ್ತಿ ಬರುವಷ್ಟರಲ್ಲಿ ಷಡ್ಜ ಕೂಡುವುದಿಲ್ಲ. ನಡುವಿನ ಸಿ ಸ್ವರಕ್ಕಿಂತ ಕೆಳಗಿರುವ ಎಫ್ ಮತ್ತು ಎ ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ಸುಮಾರು ಏಳು ಮಿಡಿತ ಕೇಳಬೇಕು. ಒಂದು ಪಿಯಾನೊಗೆ ಒಂದೂವರೆಯಿಂದ ಎರಡು ಗಂಟೆ.

ಇಲ್ಲಿ ಕಷ್ಟ ಎಲ್ಲಿ ಬರುತ್ತದೆ? ತಂತಿ ನಿಲ್ಲಲು ಮನೆಯನ್ನು ಜೋರಾಗಿ ಹೊಡೆಯಬೇಕು. ಸದ್ದಿಗೆ ಕಿವಿ ಸೂಕ್ಷ್ಮ ಇರುವವನು ಕಿವಿಬೆಣೆ ಹಾಕಿಯೇ ಕೆಲಸ ಮಾಡುತ್ತಾನೆ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಯಂತ್ರ, ಹೊರಗೆ ಎಲೆ ಊದುವ ಯಂತ್ರ ಶುರುವಾದರೆ ಮಿಡಿತ ಕೇಳಿಸದು; ಕೆಲಸ ನಿಲ್ಲುತ್ತದೆ, ಮುಂದಿನ ಗಿರಾಕಿಯ ಮನೆಗೆ ತಡವಾಗುತ್ತದೆ, ದಿನದ ಪಟ್ಟಿಯೇ ಕೆಡುತ್ತದೆ. ಅವನು ಕುಸಿಯುವ ದಿನವನ್ನು ಹೀಗೆ ಕಟ್ಟಿ, ಒಂದೇ ಕಾರಣ ಕೊಡಬೇಡಿ. ನಾಲ್ಕೈದು ಸಣ್ಣವು ಒಂದರ ಮೇಲೊಂದು ಬೀಳಲಿ, ಕೊನೆಯದು ಚಿಲ್ಲರೆ ಸಂಗತಿಯಾಗಿರಲಿ.

ಅಣ್ಣ ಪಿಯಾನೊ ನುಡಿಸುತ್ತಿದ್ದ ಎಂದಿಡಿ. ಈಗ ಆ ಮನೆಯಲ್ಲಿ ನುಡಿಸುವವರಿಲ್ಲ. ಮಿನ್ ಮಾತ್ರ ತಪ್ಪದೆ ಅದಕ್ಕೆ ಶ್ರುತಿ ಕೂರಿಸಿ ಮುಚ್ಚಳ ಹಾಕಿ ಬರುತ್ತಾನೆ. ‘ಯಾಕೆ’ ಎಂದರೆ “ಬಿಟ್ಟರೆ ಇಳಿಯುತ್ತದೆ” ಎನ್ನುತ್ತಾನೆ. ಕೆಂಪುಪೆನ್ನು ಕೇಳಿದ ತಿರುಗಣೆ ಇದೇ ಆಗಬಹುದು.

ಕೆಂಪುಪೆನ್ನು
ಆಗಬಹುದು ಏನು, ಇದೇ. ಅವನ ಶೋಕ ಕಣ್ಣಲ್ಲಿಲ್ಲ, ಕೈಯಲ್ಲಿದೆ. ಥಾವ್ ಅದನ್ನು ಕಂಡುಹಿಡಿಯುವುದು ಕಥೆಯ ನಡುಗಂಬ.

ಮೆಕಾಂಗ್_ಮುಂಗಾರು
ವಿಯೆಟ್ನಾಂ ಭಾಗದಲ್ಲಿ ಬೀಳುವ ಗುಂಡಿಗಳನ್ನು ಹೇಳುತ್ತೇನೆ.

ಬಾವುಟ ಮೊದಲು. ದೋಣಿಯಲ್ಲಿ ಬಂದವರ ಸ್ಯಾನ್ ಹೋಸೆಯಲ್ಲಿ ಕೆಂಪು ನೆಲದ ಹಳದಿ ನಕ್ಷತ್ರ ಹಾರುವುದಿಲ್ಲ. ಅಲ್ಲಿರುವುದು ಹಳದಿ ನೆಲದ ಮೇಲೆ ಮೂರು ಕೆಂಪು ಪಟ್ಟೆಯ ಹಳೆಯ ದಕ್ಷಿಣ ವಿಯೆಟ್ನಾಂ ಬಾವುಟ. ಏಪ್ರಿಲ್ 30, ಅಂದರೆ 1975ರಲ್ಲಿ ದಕ್ಷಿಣ ವಿಯೆಟ್ನಾಂ ಸೋತ ದಿನ, ಥಾವ್‌ಗೆ ಶಾಲೆಯಲ್ಲಿ ಕಲಿತ ವಿಜಯೋತ್ಸವದ ರಜೆ, ಅತ್ತೆಗೆ ದೇಶ ಹೋದ ದಿನ. ಥಾವ್‌ಳ ಪೆಟ್ಟಿಗೆಯಿಂದ ಆಕಸ್ಮಾತ್ ಕೆಂಪು ಟೀ ಶರ್ಟೊಂದು ಹೊರಬಿದ್ದು, ಎದೆಯ ಮೇಲೆ ಹಳದಿ ನಕ್ಷತ್ರ ಇದ್ದರೆ ಹೋಟೆಲಿನಲ್ಲಿ ಮಾತು ನಿಲ್ಲುತ್ತದೆ. ಫುಟ್‌ಬಾಲ್ ಪಂದ್ಯಕ್ಕೆಂದು ಕೊಂಡ ಅಂಗಿ ಅಷ್ಟೇ. ಮಿನ್‌ಗೆ ಮಾತ್ರ ಯಾಕೆ ಎಲ್ಲರೂ ಸುಮ್ಮನಾದರು ಎಂದು ಅರ್ಥವಾಗದು; ಆ ಕ್ಷಣ ಥಾವ್‌ಗೂ ಅರ್ಥವಾಗದು. ಇಬ್ಬರೂ ಒಂದೇ ಬೆಂಚಿನವರಾಗುತ್ತಾರೆ.

ಯಾರಾದರೂ ನಾಯಕಿಗೆ ಅಮೆರಿಕನ್ ಸೈನಿಕ ತಂದೆಯನ್ನು ಕೊಡಲು ಹೇಳಿದರೆ ಕಿವಿಗೊಡಬೇಡಿ. ಅಮೆರಿಕನ್ ತಂದೆಗೆ ವಿಯೆಟ್ನಾಂನಲ್ಲಿ ಹುಟ್ಟಿದ ಮಕ್ಕಳನ್ನು ಅಮೆರಿಕಕ್ಕೆ ಸೇರಿಸಿಕೊಳ್ಳಲು 1987ರಲ್ಲಿ ಅಂಗೀಕಾರವಾದ ಅಮೆರೇಷಿಯನ್ ಕಾಯ್ದೆ 1962ರ ಜನವರಿ 1ರಿಂದ 1976ರ ಜನವರಿ 1ರೊಳಗೆ ಹುಟ್ಟಿದವರಿಗೆ. ನಿಮ್ಮ ಥಾವ್ ಹುಟ್ಟಿದ್ದು 1995. ಅಮೆರಿಕ ವ್ಯಾಪಾರ ನಿರ್ಬಂಧ ತೆಗೆದದ್ದು 1994, ರಾಜತಾಂತ್ರಿಕ ಸಂಬಂಧ ಮತ್ತೆ ಶುರುವಾದದ್ದು 1995. ಆ ಕಾಲದ ಅಮೆರಿಕನ್ ತಂದೆ ಎಂದರೆ ವ್ಯಾಪಾರಿಯೋ ಪ್ರವಾಸಿಯೋ ಆಗಬೇಕು, ಸೈನಿಕನಲ್ಲ.

ಹೆಸರು: ಮನೆತನದ ಹೆಸರು ಮೊದಲು, ಕರೆಯುವ ಹೆಸರು ಕೊನೆಗೆ. ಲೆ ಥಿ ಥಾವ್ ಎಂಬವಳನ್ನು ‘ಮಿಸ್ ಲೆ’ ಎಂದು ಅಲ್ಲಿ ಯಾರೂ ಕರೆಯರು. ಮದುವೆಯಾದರೂ ಮನೆತನದ ಹೆಸರು ಬದಲಾಗದು. ದಕ್ಷಿಣದಲ್ಲಿ ಹಿರಿಯ ಮಗು ‘ಹಾಯ್’, ಅಂದರೆ ಎರಡು. ಒಂದು ಎಂದು ಯಾರನ್ನೂ ಕರೆಯುವುದಿಲ್ಲ. ತೀರಿಕೊಂಡ ಅಣ್ಣ ‘ಆನ್ ಹಾಯ್’ (ಆನ್ ಎಂದರೆ ಅಣ್ಣ), ಮಿನ್ ‘ಬಾ’, ಮೂರು.

ಮಿನ್‌ನ ವಿಯೆಟ್ನಾಮೀಸ್ ಅಡುಗೆಮನೆಯದು. ಹಿರಿಯರ ಮುಂದೆ ತನ್ನನ್ನು ‘ಕಾನ್’, ಮಗು, ಎಂದುಕೊಂಡು ಮಾತಾಡಿ ಗೊತ್ತೇ ಹೊರತು, ಪ್ರೀತಿಸುವ ಹೆಣ್ಣಿನ ಮುಂದೆ ಗಂಡು ತನ್ನನ್ನು ಕರೆದುಕೊಳ್ಳುವಂತೆ ‘ಆನ್’ ಆಗಿ ಮಾತಾಡಿ ಗೊತ್ತಿಲ್ಲ. ಇಂಗ್ಲಿಷಿನಲ್ಲಿ ಅವಳು ಮಗು, ವಿಯೆಟ್ನಾಮೀಸಿನಲ್ಲಿ ಅವನು. ಈ ಏರುಪೇರನ್ನು ಬಳಸಿಕೊಳ್ಳಿ. ಅವಳು ತನ್ನ ಭಾಷೆಯಲ್ಲಿ ಯೋಚಿಸುವಾಗ ಚುರುಕಾದ, ಜಾಣ ಕನ್ನಡ ಕೊಡಿ. ಇಂಗ್ಲಿಷ್ ಮಾತಾಡುವಾಗ ಮಾತ್ರ ವಾಕ್ಯ ಚಿಕ್ಕದಾಗಲಿ, ಕಾಲಸೂಚನೆ ಬಿಟ್ಟುಹೋಗಲಿ, ಏಕೆಂದರೆ ಅವಳ ಭಾಷೆಯಲ್ಲಿ ಕ್ರಿಯಾಪದ ಕಾಲಕ್ಕೆ ರೂಪ ಬದಲಿಸುವುದಿಲ್ಲ. ತೊದಲು ಕನ್ನಡ ಬರೆದು ನಗಿಸಬೇಡಿ.

ಅಣ್ಣನ ತಿಥಿ ತಪ್ಪದೆ ಇರಲಿ. ಅಲ್ಲಿ ಅದಕ್ಕೆ ‘ಯೊ’ ಎನ್ನುತ್ತಾರೆ. ನಮ್ಮ ಶ್ರಾದ್ಧದಂತೆ ಚಾಂದ್ರಮಾನದ ಲೆಕ್ಕ, ದಿನಾಂಕ ಪ್ರತಿವರ್ಷ ಜಾರುತ್ತದೆ. ಏಳನೇ ತಿಂಗಳ ಇಪ್ಪತ್ತು ಎಂದಿಟ್ಟರೆ 2018ರಲ್ಲಿ ಆಗಸ್ಟ್ 30, 2019ರಲ್ಲಿ ಆಗಸ್ಟ್ 20. ದಿನಾಂಕ ನೆಚ್ಚಿಕೊಂಡು ಬದುಕುವ ಮಿನ್‌ಗೆ ಅಣ್ಣ ಸತ್ತ ದಿನ ಓಡಾಡುವುದೇ ಒಂದು ಕಿರಿಕಿರಿ. ಅದಕ್ಕೆ ಐದು ದಿನ ಮೊದಲು, ಆಗಸ್ಟ್ 15ಕ್ಕೆ ವೂ ಲಾನ್ ಹಬ್ಬ: ತಾಯಿ ಇರುವವರು ಎದೆಗೆ ಕೆಂಪು ಗುಲಾಬಿ ಸಿಕ್ಕಿಸುತ್ತಾರೆ, ಇಲ್ಲದವರು ಬಿಳಿ. ಥಾವ್‌ಗೆ ಯಾವ ಬಣ್ಣ ಎಂದು ನೀವು ಇನ್ನೂ ಹೇಳಿಲ್ಲ.

ಒಗ್ಗರಣೆ_ಡಬ್ಬಿ
ಅಡುಗೆಮನೆ ಬಿಟ್ಟರೆ ಹೇಗೆ! ಒಂದೇ ಸೂರಿನಡಿ 90 ದಿನ ಇದ್ದರೆ ಮೊದಲ ಜಗಳ ಮೀನಿನ ಸಾಸ್ ನುಕ್ ಮಾಮ್‌ದೇ. ಸುಮಾರು ಮೂರು ಪಾಲು ಸಣ್ಣ ಮೀನಿಗೆ ಒಂದು ಪಾಲು ಉಪ್ಪು ಬೆರೆಸಿ ವರ್ಷಗಟ್ಟಲೆ ಕೊಳೆಹಾಕಿ ಇಳಿಸಿದ ರಸ. ತಣ್ಣಗೆ ಬಟ್ಟಲಲ್ಲಿ ಇದ್ದರೆ ವಾಸನೆ ಅಷ್ಟಿಲ್ಲ. ಅದ್ದಿಕೊಳ್ಳುವ ನೀರಿಗೆ ಒಂದು ಪಾಲು ಸಾಸು, ಒಂದು ನಿಂಬೆರಸ, ಒಂದು ಸಕ್ಕರೆ, ಎರಡು-ಮೂರು ನೀರು, ಮೇಲೆ ಬೆಳ್ಳುಳ್ಳಿ ಮತ್ತು ಮೆಣಸಿನಕಾಯಿ. ಬಿಸಿ ಮಣ್ಣಿನ ಮಡಕೆಯಲ್ಲಿ ಸಕ್ಕರೆ ಕಂದಿಸಿ, ಸಾಸು ಸುರಿದು ಮೀನು ಬತ್ತಿಸಿದರೆ ಮಾತ್ರ ಪರದೆ, ಸೋಫಾ, ಅವನ ಉಣ್ಣೆಯ ಪಟ್ಟಿಗಳಿಗೂ ವಾಸನೆ ಹತ್ತುತ್ತದೆ. ಮಿನ್ ಇದನ್ನು ತಾಯಿಯ ಹೋಟೆಲಿನಲ್ಲಿ ತಿಂದು ಬೆಳೆದವನು, ತಿನ್ನಲು ತಕರಾರಿಲ್ಲ. ತಕರಾರು ವಾಸನೆ ತಪ್ಪು ಕೋಣೆಯಲ್ಲಿ ಇರುವುದಕ್ಕೆ. ಪರಿಹಾರ ಕೂಡ ಅಡುಗೆಯವರದ್ದೇ: ಗ್ಯಾಸಿನ ಸಣ್ಣ ಒಲೆ ಹಿತ್ತಲಿಗೆ ಹೋಗುತ್ತದೆ. ಅಲ್ಲಿನ ಎಷ್ಟೋ ಮನೆಗಳಲ್ಲಿ ಗ್ಯಾರೇಜೇ ಎರಡನೇ ಅಡುಗೆಮನೆ. ಮಾತಿನಲ್ಲಿ ರಾಜಿಯಾಗುವುದಕ್ಕಿಂತ ಒಲೆ ಜಾಗ ಬದಲಿಸುವುದು ಚೆನ್ನ.

ಫೋ (ಅಕ್ಕಿ ನೂಡಲ್ಸ್ ಹಾಕಿದ ವಿಯೆಟ್ನಾಂ ಸೂಪು) ಸಾರಿನ ಬಗ್ಗೆ ಬರೆಯುವವರು ‘ಕುದಿಸಿದಳು’ ಎಂದು ಒಂದೇ ಪದದಲ್ಲಿ ಮುಗಿಸುತ್ತಾರೆ. ಮೂಳೆಯನ್ನು ಮೊದಲು ಕುದಿಸಿ ಆ ನೀರು ಚೆಲ್ಲಬೇಕು, ಇಲ್ಲವಾದರೆ ಸಾರು ಕದಡು. ಈರುಳ್ಳಿ, ಶುಂಠಿ ಕೆಂಡದಲ್ಲಿ ಸುಟ್ಟು ಹಾಕಬೇಕು. ಆಮೇಲೆ ಸಣ್ಣ ಉರಿಯಲ್ಲಿ ಆರು ಗಂಟೆಯಾದರೂ.

ಕೆಂಪುಪೆನ್ನು
ಥಾವ್‌ಗೆ ಏನು ಬೇಕು ಎಂಬುದು ಯಾರ ಮಾತಲ್ಲೂ ಬರಲಿಲ್ಲ. ವೀಸಾ ಅವನ ಕೈಲಿ, ಮನೆ ಅವನದು, ದುಡ್ಡು ಅತ್ತೆಯದು. ಹೀಗಿರುವಾಗ ಅವಳು ‘ಪ್ರೀತಿಸುತ್ತೇನೆ’ ಎಂದರೆ ಓದುಗರು ನಂಬುವುದು ಹೇಗೆ? ಹಿಂದಿರುಗುವ ಟಿಕೆಟಿನ ದುಡ್ಡು ಅವಳ ಹತ್ತಿರವೇ ಇರಲಿ, ಊರಲ್ಲಿ ಒಂದು ಕೆಲಸ ಕಾಯುತ್ತಿರಲಿ. ಹೋಗಬಲ್ಲವಳು ಉಳಿದರೆ ಮಾತ್ರ ಅದು ಪ್ರೇಮಕಥೆ.

ಠಸ್ಸೆ_ಮುದ್ರೆ
ಅದಕ್ಕೆ ಸೇರಿಸಿ: ಆ 90 ದಿನ ಅವಳು ಹೋಟೆಲಿನಲ್ಲಿ ಬಡಿಸುವಂತಿಲ್ಲ. ಕೆಲಸದ ಅನುಮತಿಗೆ ಅರ್ಜಿ ಹಾಕಬಹುದು, ಕೈಗೆ ಬರುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ‘ಸುಮ್ಮನೆ ಕೈಜೋಡಿಸಿದಳು’ ಎಂಬುದೂ ಕೆಲಸವೇ. ಅತ್ತೆ ಕರೆಯುತ್ತಾಳೆ, ನಿಯಮ ಓದಿರುವ ಮಿನ್ ಬೇಡವೆನ್ನುತ್ತಾನೆ, ಥಾವ್‌ಗೆ ಅದು ಅವಮಾನವಾಗಿ ಕೇಳುತ್ತದೆ. ಸಂಜೆಯ ಇಂಗ್ಲಿಷ್ ತರಗತಿಗೆ ತಡೆಯಿಲ್ಲ.

ಮದುವೆಯಾದರೂ ಮೊದಲು ಸಿಗುವುದು ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಅದು ಮುಗಿಯುವ ಮುಂಚಿನ 90 ದಿನದಲ್ಲಿ ಷರತ್ತು ತೆಗೆಯಲು ಐ-751 ಅರ್ಜಿ ಹಾಕಿ, ಬಾಳ್ವೆ ನಿಜವೆಂದು ತೋರಿಸಬೇಕು. ಸೋಗಿನ ಮದುವೆಗೆ ಐದು ವರ್ಷದವರೆಗೆ ಸೆರೆ, ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ. ಮಿನ್ ‘ನಾನು ಇವಳನ್ನು ಪ್ರೀತಿಸುತ್ತಿಲ್ಲ’ ಎಂದು ನಿಜವಾಗಿ ನಂಬಿದ್ದರೆ ಸಹಿ ಹಾಕುವುದೇ ಸುಳ್ಳಾಗುತ್ತದೆ ಎಂದು ಹೆದರುತ್ತಾನೆ. ಮೂರನೇ ಭಾಗದ ಬಿರುಕಿಗೆ ಇದಕ್ಕಿಂತ ಪ್ರಾಮಾಣಿಕ ಕಾರಣ ಬೇಕೇ? ಕಳ್ಳ ಪತ್ರ, ಹಳೇ ಗೆಳತಿ ಯಾವುದೂ ಬೇಡ.

ಕರಡುಪ್ರತಿ
ತಿದ್ದಿದ ಹಂದರ:

2018ರ ಬೇಸಿಗೆ ಕಾನ್ ಥೊ ಭೇಟಿ. ಮಿನ್ ಅರ್ಜಿ ಬರೆಯುತ್ತಾನೆ, ನಾಲ್ಕು ಹಾಳೆ ಸಮೇತ. ಥಾವ್ 2019ರ ಜೂನ್ 10, ಸೋಮವಾರ ಬಂದಿಳಿಯುತ್ತಾಳೆ. ಮೊದಲ ವಾರದಲ್ಲೇ ಅವನು ಆಟಿಸಂ ವಿಷಯ ಹೇಳುತ್ತಾನೆ. ತಾಯಿ ಮುಚ್ಚಿಟ್ಟದ್ದು ಬಯಲಾಗುತ್ತದೆ. ಜುಲೈನಲ್ಲಿ ಒಲೆ ಹಿತ್ತಲಿಗೆ. ಆಗಸ್ಟ್ ಆರಂಭದಲ್ಲಿ ಅಳತೆಯ ಟೇಪು. 66ನೇ ದಿನ ವೂ ಲಾನ್, ಥಾವ್‌ಗೆ ಬಿಳಿ ಗುಲಾಬಿ. ಅವಳನ್ನು ಸಾಕಿದ್ದು ಅಜ್ಜಿ. ಆಗಸ್ಟ್ 20ರ ತಿಥಿಯ ದಿನ ಮನೆ ತುಂಬ ಜನ. ಮಿನ್ ಕಾಣಿಸುವುದಿಲ್ಲ, ಅಣ್ಣನ ಪಿಯಾನೊದ ಒಂದು ತಂತಿ ಕಡಿದಿದೆ, ಅವನು ಅದರ ಮುಂದೆ ಕುಳಿತಿದ್ದಾನೆ. ಥಾವ್ ಅಲ್ಲಿಂದ ಲೆಕ್ಕ ಜೋಡಿಸುತ್ತಾಳೆ. ಸಹಿಯ ಬಗ್ಗೆ ಅವನ ಭಯ, ಬಿರುಕು. ಅವಳು ಟಿಕೆಟು ಕೊಳ್ಳುತ್ತಾಳೆ. ಅರ್ಜಿಯ ನಾಲ್ಕು ಹಾಳೆಯ ಪ್ರತಿ ಅವಳ ಕೈಗೆ ಸಿಗುತ್ತದೆ. ಸೆಪ್ಟೆಂಬರ್ 8, 90ನೇ ದಿನ, ಮದುವೆ ಕಚೇರಿಗೆ ಓಡುತ್ತಾರೆ.

ಶ್ರುತಿಪೆಟ್ಟಿಗೆ
ಕಡಿದ ತಂತಿ ಚೆನ್ನಾಗಿದೆ. ಹೊಸ ತಂತಿ ಹಾಕಿದ ಕೂಡಲೇ ಶ್ರುತಿ ನಿಲ್ಲುವುದಿಲ್ಲ, ಹಿಗ್ಗುತ್ತಾ ಇಳಿಯುತ್ತದೆ; ವಾರಗಟ್ಟಲೆ ಮತ್ತೆ ಮತ್ತೆ ಬಂದು ಏರಿಸಬೇಕು. ಅವನು ಅಲ್ಲಿಗೆ ಪದೇ ಪದೇ ಹೋಗಲು ಅದೇ ನೆಪ, ಅವಳು ಜೊತೆಗೆ ಹೋಗಲೂ.

ಠಸ್ಸೆ_ಮುದ್ರೆ
ಕೊನೆಯ ಓಟ ತಪ್ಪಿದೆ. 2019ರ ಸೆಪ್ಟೆಂಬರ್ 8 ಭಾನುವಾರ. ಬಂದ ದಿನವನ್ನೂ ಎಣಿಸಿದರೆ 7, ಶನಿವಾರ. ಎರಡು ದಿನವೂ ಕೌಂಟಿ ಕಚೇರಿ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮದುವೆಗೆ ಮೊದಲು ಪರವಾನಗಿ ಬೇಕು. ಕಾಯುವ ಅವಧಿ ಇಲ್ಲ, ರಕ್ತ ಪರೀಕ್ಷೆ ಇಲ್ಲ, ಒಬ್ಬ ಸಾಕ್ಷಿ ಸಾಕು, ಪಡೆದ ಮೇಲೆ 90 ದಿನ ಊರ್ಜಿತ. ಶುಕ್ರವಾರ 6ರೊಳಗೆ ಪರವಾನಗಿ ಕೈಯಲ್ಲಿದ್ದರೆ ಮದುವೆಯನ್ನು ವಾರಾಂತ್ಯದಲ್ಲಿ ಅರ್ಹತೆ ಇರುವ ಯಾರಾದರೂ ಮಾಡಿಸಬಹುದು. ಶನಿವಾರವೇ ಇಡಿ, ಎಣಿಕೆಯ ತಕರಾರು ಇರುವುದಿಲ್ಲ.

ಕೆಂಪುಪೆನ್ನು
ಅಂದರೆ ಮಿನ್ ಕೊನೆಯ ಕ್ಷಣದಲ್ಲಿ ಓಡುವವನೇ ಅಲ್ಲ. ಕಚೇರಿಯ ರಜೆ ಪಟ್ಟಿ ಅವನಿಗೆ ಜೂನ್‌ನಲ್ಲೇ ಬಾಯಿಪಾಠ ಆಗಿರುತ್ತದೆ. ಜಗಳದ ನಡುವೆಯೂ ಪರವಾನಗಿಗೆ ಸಮಯ ಗೊತ್ತುಮಾಡಿ ಇಟ್ಟಿರುತ್ತಾನೆ, ರದ್ದು ಮಾಡಿರುವುದಿಲ್ಲ. ಅದನ್ನು ಥಾವ್ ನೋಡಲಿ.

ಕರಡುಪ್ರತಿ
ಸರಿ. ಸೆಪ್ಟೆಂಬರ್ 2, ಸೋಮವಾರ ಬೆಳಿಗ್ಗೆಗೆ ಇಡುತ್ತೇನೆ.

ಠಸ್ಸೆ_ಮುದ್ರೆ
ಅವತ್ತು ಲೇಬರ್ ಡೇ, ಸರ್ಕಾರಿ ರಜೆ. ಮಂಗಳವಾರ 3ಕ್ಕೆ ಹಾಕಿ. ಇಬ್ಬರೂ ಖುದ್ದಾಗಿ ಹೋಗಬೇಕು, ಗುರುತಿಗೆ ಅವಳ ಪಾಸ್‌ಪೋರ್ಟ್ ಬೇಕು. ಅದು ಅತ್ತೆಯ ತಿಜೋರಿಯಲ್ಲಿ ಇಲ್ಲ ತಾನೆ?